‘ನನ್ನ ಮೇಲೆ ಅನುಮಾನಾನಾ?’
ಲಂಡನ್ನಿನ ಕನ್ನಡದ ಗೆಳತಿಯರ ಜೊತೆ ಕಾಂಡೋಮ್ ಮಾತು ಬಂದರೆ ಕೇಳಿಸೋದು ಒಂದೇ: "ಆಪರೇಷನ್ ಆಗಿದೆಯಲ್ಲ, ಇನ್ಯಾಕೆ?" ಊರಿಂದಲೇ ಬಂದ ಲೆಕ್ಕ ಇದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 57 ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಗಂಡಸರದ್ದು ಹೆಚ್ಚುಕಮ್ಮಿ ಸೊನ್ನೆ! ಆದರೆ ಆಪರೇಷನ್ ತಡೆಯೋದು ಅಂಡಾಣು-ವೀರ್ಯಾಣು ಸೇರೋದನ್ನ ಮಾತ್ರ, ಸೋಂಕನ್ನಲ್ಲ. ಹೆಂಡತಿ ಕಾಂಡೋಮ್ ಕೇಳಿದರೆ ಗಂಡನಿಗೆ ಅದು ಅನುಮಾನದ ಹಾಗೆ ಕೇಳಿಸುತ್ತೆ. ಎಚ್‌ಐವಿ ವರ್ಷಗಟ್ಟಲೆ ಲಕ್ಷಣ ತೋರಿಸದೆ ಇರಬಲ್ಲದು. ಸೋಂಕು ಮದುವೆಗಿಂತ ಹಳೆಯದೂ ಆಗಿರಬಹುದು. ಅದಕ್ಕೇ ನಾನು ಹೇಳೋದು, ಮಾತು ಗಂಡನೇ ಎತ್ತಲಿ, ಟೆಸ್ಟಿಗೂ ಅವನೇ ಮೊದಲು ಹೋಗಲಿ. ಇಲ್ಲಿನ ಎನ್‌ಎಚ್‌ಎಸ್ ಲೈಂಗಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ ಟೆಸ್ಟೂ ಉಚಿತ, ಕಾಂಡೋಮೂ ಉಚಿತ.