ಮನೆಯಂಗಳ: ಬಂದಣಿಕೆಯಲ್ಲದ ಬಂದಣಿಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ಮಾವಿನ ಮರವುಳ್ಳ ವಾಚಕರು ಆಳುಗಳನ್ನು ಹತ್ತಿಸಿ ಬಂದಣಿಕೆಯನ್ನು ಕೀಳಿಸುವುದುಂಟು. ತಕ್ಕ ಕೆಲಸವೇ ಸರಿ. ಆದರೆ ಅದೇ ಕುಡುಗೋಲಿಗೆ ನಿರಪರಾಧಿಯಾದ ಇನ್ನೊಂದು ಗಿಡವೂ ಬಲಿಯಾಗುತ್ತಿರುವುದರಿಂದ, ಅದರ ಪರವಾಗಿ ನಾಲ್ಕು ಮಾತು ಬರೆಯಬೇಕಾಯಿತು.

ಇದು ಆರ್ಕಿಡ್ ಜಾತಿಯದು. ಮಲೆನಾಡಿನ ಸೀತಾಳೆದಂಡೆಯ ನಂಟ. ನಮ್ಮ ದೇಶದಲ್ಲಲ್ಲದೆ ಲಂಕಾದ್ವೀಪದಲ್ಲಿಯೂ ಬೆಳೆಯುವುದು. ಸಸ್ಯಶಾಸ್ತ್ರಜ್ಞರು ಇದನ್ನು ವಾಂಡ ಟೆಸೆಲೇಟ ಎನ್ನುವರು. ಎರಡನೆಯ ಪದಕ್ಕೆ ಚೌಕಳಿಯುಳ್ಳದ್ದೆಂದು ಅರ್ಥ. ಹಳದಿ ಬೆರೆತ ಕಂದು ಎಸಳುಗಳ ಮೇಲೆ ಸೀರೆಯ ಚೌಕಳಿಯಂತೆ ಗೆರೆಗಳಿದ್ದು, ನಡುವೆ ನೀಲಿಯ ತುಟಿಯೊಂದಿರುವುದು. ಪರಿಮಳವೂ ಉಂಟು. ಮೊದಲನೆಯ ಪದವನ್ನು 1795ರಲ್ಲಿ ಸರ್ ವಿಲಿಯಂ ಜೋನ್ಸರು ಸಂಸ್ಕೃತದಿಂದ ತೆಗೆದುಕೊಂಡರು. ಸಂಸ್ಕೃತದಲ್ಲಿ ವಂದಾ ಎಂದರೆ ಬಂದಣಿಕೆಯೇ! ಹೀಗೆ ಪಂಡಿತರೂ ಪಾಮರರೂ ಕೂಡಿ ಈ ಬಡಪಾಯಿಯ ಮೇಲೆ ಒಂದೇ ಅಪವಾದವನ್ನು ಹೊರಿಸಿರುವರು.

ನಿಜವಾದ ಬಂದಣಿಕೆಯು ಕೊಂಬೆಯೊಳಕ್ಕೆ ಬೇರಿಳಿಸಿ ಮರದ ರಸವನ್ನು ಹೀರುವುದು. ಅದು ಹತ್ತಿದೆಡೆಯಲ್ಲಿ ಕೊಂಬೆಯು ಗಂಟುಗಟ್ಟುವುದು. ಇದರ ಬೇರುಗಳಾದರೋ ಬಿಳಿಯ ಹಗ್ಗದಂತೆ ತೊಗಟೆಯ ಮೇಲೆಯೇ ಹರಿದಿರುವುವು. ಅವುಗಳ ಸುತ್ತಲೂ ಸ್ಪಂಜಿನಂತಹ ಹೊದಿಕೆಯಿದ್ದು, ಮಳೆಹನಿ ಬಿದ್ದೊಡನೆ ಹೀರಿಕೊಂಡು ಹಸುರಾಗುವುವು. ಈ ಕುಲದ ಗಿಡಗಳು ಹಗಲಿನ ಬಿಸಿಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ಇರುಳಿನಲ್ಲಿ ತೆರೆಯುವುವು. ಮರದಿಂದ ಬೇಡುವುದು ನಿಲ್ಲುವುದಕ್ಕೆ ಸ್ಥಳವನ್ನು ಮಾತ್ರ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆಯ ಕೆರೆಯು ಮತ್ತೆ ಕೋಡಿ ಬೀಳುವುದಕ್ಕೆ 2022ರವರೆಗೆ ಕಾದ ಸೀಮೆಯಿದು. ಇಲ್ಲಿ ಬಾಳಬೇಕಾದ ಹೂವಿಗೆ ಇಷ್ಟು ಜಾಣತನವು ಬೇಕೇ ಬೇಕು.

ನಾವೂ ತಪ್ಪು ಮಾಡದವರಲ್ಲ. ಬಿದ್ದ ಕೊಂಬೆಯೊಂದರಿಂದ ಈ ಗಿಡವನ್ನು ಬಿಡಿಸಿ ತಂದು, ಕುಂಡದಲ್ಲಿ ಮಣ್ಣು ಗೊಬ್ಬರ ತುಂಬಿ ನೆಟ್ಟು, ದಿನವೂ ಎರಡು ಹೊತ್ತು ನೀರೆರೆದೆವು. ಬೇರುಗಳು ಕೊಳೆತು ಹೋದುವು. ಬರಗಾಲಕ್ಕೆ ಬಗ್ಗದ ಗಿಡವನ್ನು ನಮ್ಮ ಉಪಚಾರವೇ ಕೊಂದಿತು!

ಹೋದ ಗಿಡವು ಸುಲಭವಾಗಿ ಮರಳಿ ಬಾರದು. ಇದರ ಬೀಜವು ಧೂಳಿನಷ್ಟು ಸಣ್ಣದು. ಒಳಗೆ ಮೊಳಕೆಗೆ ಬೇಕಾದ ಬುತ್ತಿಯಿಲ್ಲ. ತಕ್ಕ ಶಿಲೀಂಧ್ರವು ಜೊತೆಗೂಡಿ ಉಣಿಸಿದರೆ ಮಾತ್ರ ಮೊಳೆಯುವುದು. ಮೇಲಾಗಿ, ಬಂಗಾಳದ ವೈದ್ಯರು ಇದರ ಬೇರನ್ನೇ ರಾಸ್ನೆಯೆಂದು ಬಳಸುವುದನ್ನು ಕೇಳಿ ಕೆಲವರು ಕೀಳುವುದುಂಟು. ದಕ್ಷಿಣದ ವೈದ್ಯರಿಗೆ ರಾಸ್ನೆಯೆಂದರೆ ದುಂಪರಾಸ್ಮೆಯ ಗೆಡ್ಡೆ. ಅದನ್ನು ತೋಟದಲ್ಲಿಯೇ ಬೆಳೆದುಕೊಳ್ಳಬಹುದು.

ಮರದಲ್ಲಿರುವುದನ್ನು ಮುಟ್ಟಬೇಡಿರಿ. ಗಾಳಿಗೆ ಕೊಂಬೆ ಮುರಿದು ಬಿದ್ದರೆ, ಗಿಡವನ್ನು ಒರಟು ತೊಗಟೆಯ ಇನ್ನೊಂದು ಮರಕ್ಕೆ ತೆಂಗಿನ ನಾರಿನಿಂದ ಸಡಿಲವಾಗಿ ಕಟ್ಟಿ, ಹೊಸ ಬೇರು ಹಿಡಿಯುವವರೆಗೆ ಆಗಾಗ ನೀರು ಚಿಮುಕಿಸಿರಿ. ಮಣ್ಣು ಮಾತ್ರ ಬೇಡ.