ಇಟ್ಟಿಗೆ ಅಲ್ಲಿ ಅಲಂಕಾರವಲ್ಲ



ಅಹಮದಾಬಾದಿನ ಐಐಎಂ ಹಾಸ್ಟೆಲುಗಳ ಬಗ್ಗೆ ಓದುಗರೊಬ್ಬರು ಬರೆದ ಪತ್ರ ಓದಿದೆ. ಸೋರುವ ಹಳೇ ಕಟ್ಟಡ ಕೆಡವಿ, ಹೊರಗಿನಿಂದ ಹಾಗೇ ಕಾಣುವಂತೆ ಹೊಸದು ಕಟ್ಟಿದರೆ ಯಾರ ಗಂಟು ಹೋಗುತ್ತದೆ ಎಂದು ಕೇಳಿದ್ದಾರೆ. ಮೂವತ್ತು ವರ್ಷ ಸಿಮೆಂಟು, ಕಬ್ಬಿಣದ ಎಸ್ಟಿಮೇಟ್ ಬರೆದವನಾಗಿ ಎರಡು ಮಾತು ಹೇಳಬೇಕೆನಿಸಿತು.

ವಾಸ್ತುಶಿಲ್ಪಿ ಲೂಯಿ ಕಾನ್ ಆ ಐಐಎಂ ಕಟ್ಟುವ ಕೆಲಸ ಹಿಡಿದದ್ದು 1962ರಲ್ಲಿ. ಅವರನ್ನು ಕರೆತಂದವರು ನಮ್ಮದೇ ದೇಶದ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ. ನಮ್ಮ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂನ ಕಲ್ಲುಗೋಡೆಗಳೂ ಮುಂದೆ ಎದ್ದದ್ದು ಇದೇ ದೋಶಿಯವರ ನಕ್ಷೆಯಂತೆ. ಅಹಮದಾಬಾದಿನಲ್ಲಿ ಇಟ್ಟಿಗೆಯನ್ನು ಪಿಲ್ಲರಿನ ಮೇಲೆ ಅಂದಕ್ಕೆಂದು ಅಂಟಿಸಿಲ್ಲ. ಭಾರ ಹೊರುವುದೇ ಇಟ್ಟಿಗೆ. ಅಲ್ಲಿನ ಕಮಾನುಗಳು ನಮ್ಮ ಹಳೇ ಮನೆಗಳ ಕಮಾನಿನಂತೆ ಉಬ್ಬಿಕೊಂಡಿಲ್ಲ, ತಗ್ಗಾಗಿ ಅಗಲಕ್ಕೆ ಚಾಚಿಕೊಂಡಿವೆ. ಕಮಾನು ತಗ್ಗಾದಷ್ಟೂ ಎರಡೂ ಬದಿಯ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಅದನ್ನು ತಡೆಯಲು ಕಮಾನಿನ ಎರಡು ತುದಿಗಳ ನಡುವೆ ಅಡ್ಡಕ್ಕೊಂದು ಕಾಂಕ್ರೀಟ್ ಪಟ್ಟಿ, ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ. ಒಳಗೆ ಪಿಲ್ಲರ್, ಬೀಮ್ ನಿಲ್ಲಿಸಿ ಮುಂದೆ ಅದೇ ಆಕಾರ ಮೂಡಿಸಿದರೆ ಬಿಲ್ಲೇನೋ ಕಾಣುತ್ತದೆ. ಆದರೆ ಹೆದೆ ಎಳೆಯಲು ಅಲ್ಲೇನೂ ಇರುವುದಿಲ್ಲ.

ಒಮ್ಮೆ ಮೇ ತಿಂಗಳ ನಡುಹಗಲಲ್ಲಿ ಅಲ್ಲಿಗೆ ಹೋಗಿದ್ದೆ. ಅಂಗಳದಲ್ಲಿ ಚಪ್ಪಲಿಯೊಳಗೇ ಕಾಲು ಸುಡುತ್ತಿತ್ತು. ಕಮಾನಿನಡಿಯ ನೆರಳಿಗೆ ಸರಿದರೆ ಬೇರೆ ಊರೇ ಅನ್ನಬೇಕು. ಅಷ್ಟು ಗಂಭೀರ ವಾಸ್ತುವಿನ ನಡುವೆ ಯಾರೋ ಹುಡುಗ ಬನಿಯನ್ ಒಣಹಾಕಿದ್ದ, ಅದು ಗಾಳಿಗೆ ಪಟಪಟ ಅನ್ನುತ್ತಿತ್ತು. ಉದ್ದನೆ ಓಣಿಯ ಎರಡು ಬದಿಗೆ ರೂಮು ಜೋಡಿಸಿದ ಹಾಸ್ಟೆಲ್ ಅದಲ್ಲ. ಮೆಟ್ಟಿಲು, ಚಹಾ ಕೋಣೆಯ ಸುತ್ತ ರೂಮುಗಳು ಗುಂಪಾಗಿವೆ. ತನ್ನ ರೂಮಿಗೆ ಹೋಗುವವನು ನಾಲ್ಕು ಮಂದಿಯ ಮುಖ ನೋಡಿಯೇ ಹೋಗಬೇಕು.

ಬಿರುಕು, ಸೋರಿಕೆಯ ದೂರು ಸುಳ್ಳೆಂದು ನಾನು ಹೇಳುತ್ತಿಲ್ಲ. 2001ರ ಗುಜರಾತ್ ಭೂಕಂಪ ಬೇರೆ ಆಗಿದೆ. ಮಕ್ಕಳ ತಲೆಯ ಮೇಲೆ ಚಪ್ಪಡಿ ಬೀಳುವುದಾದರೆ ಕಾನ್ ಹೆಸರು ಜಪಿಸುತ್ತ ಕೂರುವಂತಿಲ್ಲ. ಆದರೆ ಅದೇ ಆವರಣದ ಗ್ರಂಥಾಲಯಕ್ಕೂ ಇಂಥದೇ ರೋಗಗಳಿದ್ದವು. ವಾಸ್ತುಶಿಲ್ಪಿ ಬೃಂದಾ ಸೋಮಾಯ ಅವರ ತಂಡ ಅದನ್ನು ದುರಸ್ತಿ ಮಾಡಿತು, 2019ರಲ್ಲಿ ಯುನೆಸ್ಕೊ ಪ್ರಶಸ್ತಿಯೂ ಬಂತು. ಮರುವರ್ಷ ಡಿಸೆಂಬರಿನಲ್ಲೇ 18 ಡಾರ್ಮಿಟರಿಗಳಲ್ಲಿ 14ನ್ನು ಕೆಡವುವ ಐಐಎಂ ಆಡಳಿತದ ಪ್ರಸ್ತಾಪ! ದೇಶವಿದೇಶಗಳಿಂದ ಆಕ್ಷೇಪ ಬಂದ ಮೇಲೆ 2021ರ ಜನವರಿ 1ರಂದು ಅದನ್ನು ಹಿಂದಕ್ಕೆ ಪಡೆದರು. 2022ರ ನವೆಂಬರಿನಲ್ಲಿ ಮತ್ತೆ ಕೆಡವಿ ಕಟ್ಟುವ ಮಾತೇ ಬಂತು.

ಹದಿನಾಲ್ಕಕ್ಕೂ ಒಂದೇ ಷರಾ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಅಂಥ ಷರಾಕ್ಕೆ ನಾನೇ ಸಹಿ ಹಾಕಿದವನು. ನೌಕರಿಯಲ್ಲಿದ್ದಾಗ, ಊರಿನ ಹೆಸರು ಬೇಡ, ಸುಣ್ಣದ ಗಾರೆಯ ಹಳೇ ವಿದ್ಯಾರ್ಥಿನಿಲಯವೊಂದನ್ನು ನೋಡಲು ಕಳಿಸಿದ್ದರು. ಸೂರಿನಡಿ ತೇವ, ಉದುರಿದ ಗಿಲಾವು. ಅಷ್ಟನ್ನೇ ನೋಡಿ, ಗೋಡೆಯನ್ನು ಒಂದು ಕಡೆಯೂ ಕೊರೆಸದೆ 'ಶಿಥಿಲ, ಕೆಡವಬಹುದು' ಎಂದು ಬರೆದು ಬಂದೆ. ಕೆಡವುವ ದಿನ ಮೊದಲ ಏಟಿಗೆ ಬೀಳುತ್ತದೆಂದುಕೊಂಡಿದ್ದ ಗೋಡೆಯ ಮುಂದೆ ಜೆಸಿಬಿ ಮೂರು ದಿನ ಒದ್ದಾಡಿತು. ಜೊತೆಗಿದ್ದ ಮುದಿ ಮೇಸ್ತ್ರಿ ಮುರಿದ ಇಟ್ಟಿಗೆಯೊಂದನ್ನು ಎತ್ತಿ ನನ್ನ ಕೈಗಿಟ್ಟು, "ನೋಡ್ರಿ ಸಾಹೇಬ್ರ, ಒಳಗ ಇನ್ನೂ ಹೊಸದೈತಿ" ಅಂದ. ಸೋರುತ್ತಿದ್ದದ್ದು ತಾರಸಿಯ ನೀರಿಳಿಯುವ ಕೊಳವೆ ಕಟ್ಟಿಕೊಂಡಿದ್ದರಿಂದ.

ಇಂತಿ,
ನಿವೃತ್ತ ಸಿವಿಲ್ ಎಂಜಿನಿಯರ್, ಧಾರವಾಡ