ಸ್ಪೀಡಿನದಲ್ಲ, ಗೋಡೆಯದು ಮಾರಾಯ್ರೆ!

ಟೀವಿಯಲ್ಲಿ ವಿಡಿಯೋ ತಡವರಿಸಿದರೆ ನಾವು ಮೊದಲು ಬೈಯುವುದು ಇಂಟರ್ನೆಟ್ ಕಂಪನಿಯವರನ್ನು. ಆಮೇಲೆ ಅದೇ ಕಂಪನಿಗೆ ಇನ್ನಷ್ಟು ದುಡ್ಡು ಕೊಟ್ಟು ದೊಡ್ಡ ಪ್ಲಾನ್ ಹಾಕಿಸಿಕೊಳ್ಳುತ್ತೇವೆ. ಬೈದವರಿಗೇ ದಕ್ಷಿಣೆ ಕೊಡುವ ಈ ಪದ್ಧತಿ ನನಗಂತೂ ಅರ್ಥವಾಗಿಲ್ಲ :)

ನನ್ನ ವಾದ ಇಷ್ಟೇ. ಎಷ್ಟೋ ಮನೆಗಳಲ್ಲಿ ತೊಂದರೆ ಇರುವುದು ಬೀದಿಯಿಂದ ಬರುವ ಫೈಬರ್‌ನಲ್ಲಿ ಅಲ್ಲ, ಮನೆಯೊಳಗಿನ ವೈ-ಫೈನಲ್ಲಿ. ಅದಕ್ಕೆ ಮದ್ದು ದೊಡ್ಡ ಪ್ಲಾನ್ ಅಲ್ಲ, ಒಂದು ವೈರು.

ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ಅಪ್ಪನಿಗೆ ಯಕ್ಷಗಾನದ ಹುಚ್ಚು. ಊರಿನ ಆಟಗಳನ್ನು ನೆಂಟರೊಬ್ಬರು ಒಳ್ಳೆಯ ಕ್ಯಾಮೆರಾದಲ್ಲಿ ಹಿಡಿದುಕೊಟ್ಟಿದ್ದಾರೆ. ಆ ಫೈಲುಗಳೆಲ್ಲ ಇರುವುದು ನನ್ನ ರೂಮಿನ ಕಂಪ್ಯೂಟರಿನಲ್ಲಿ, ಅಪ್ಪ ನೋಡುವುದು ಹಾಲ್‌ನ ಟೀವಿಯಲ್ಲಿ, ಜೆಲ್ಲಿಫಿನ್ ಎಂಬ ಪುಕ್ಕಟೆ ತಂತ್ರಾಂಶದ ಮೂಲಕ. ಚೆಂಡೆಯ ಏರು ಶುರುವಾಗಿ ವೇಷ ರಂಗಕ್ಕೆ ಬರಬೇಕು, ಅಷ್ಟರಲ್ಲಿ ಚಿತ್ರ ನಿಂತು ಚಕ್ರ ತಿರುಗುತ್ತಿತ್ತು. ಎರಡು ವಾರ ಸಹಿಸಿಕೊಂಡು ಅಪ್ಪ ನೋಡುವುದನ್ನೇ ಬಿಟ್ಟರು. "ರೆಕಾರ್ಡಿಂಗೇ ಸರಿ ಇಲ್ಲ, ಬಿಡು ಮಾರಾಯ" ಅಂದರು. ಕಂಪನಿಯ ಹುಡುಗನಿಗೆ ಫೋನ್ ಮಾಡಿದರೆ "ಪ್ಲಾನ್ ಅಪ್‌ಗ್ರೇಡ್ ಮಾಡ್ಸಿ ಸರ್" ಅಂದ.

ಒಂದು ಕ್ಷಣ ಯೋಚಿಸಿ. ಫೈಲು ಮನೆಯಲ್ಲೇ ಇದೆ, ಟೀವಿಯೂ ಮನೆಯಲ್ಲೇ ಇದೆ. ನಡುವೆ ಇಂಟರ್ನೆಟ್ಟಿಗೆ ಏನು ಕೆಲಸ? ರೌಟರಿಗೆ ಹೊರಗಿನಿಂದ ಬರುವ ಲೈನು ಕಿತ್ತು ಅದೇ ಆಟ ಹಾಕಿ ನೋಡಿದೆ. ಮೊದಲಿನ ಹಾಗೆಯೇ ತಡವರಿಸಿತು. ಅಲ್ಲಿಗೆ ಪ್ಲಾನು ನಿರಪರಾಧಿ ಅಂತಾಯಿತು. ಒಂದು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆಯನ್ನು ನೀವೂ ಮಾಡಬಹುದು.

"ಹಾಗಾದರೆ ಯೂಟ್ಯೂಬ್ ಸರಾಗವಾಗಿ ಬರುತ್ತಲ್ಲ?" ಎಂದು ಕೇಳುತ್ತೀರಿ. ಬರುತ್ತದೆ. ಲೈನು ನಿಧಾನವಾದರೆ ಯೂಟ್ಯೂಬ್ ಸದ್ದಿಲ್ಲದೆ ಚಿತ್ರದ ಗುಣಮಟ್ಟ ಇಳಿಸಿಕೊಳ್ಳುತ್ತದೆ. ಫುಲ್ ಎಚ್‌ಡಿಗೆ ನೆಟ್‌ಫ್ಲಿಕ್ಸ್ ಕೇಳುವುದು ಸೆಕೆಂಡಿಗೆ 5 ಮೆಗಾಬಿಟ್ ಮಾತ್ರ. ಕ್ಯಾಮೆರಾದಿಂದ ನೇರ ಬಂದ ಫೈಲು 25 ಕೇಳಬಹುದು. ಬ್ಲೂ-ರೇ ಡಿಸ್ಕಿನ ಚಿತ್ರ 40ರವರೆಗೂ ಹೋಗುತ್ತದೆ. ಅಂಥ ಫೈಲನ್ನು ಇದ್ದ ಹಾಗೇ ಕಳಿಸುವಾಗ ಇಳಿಸಿಕೊಳ್ಳುವ ಮಾತಿಲ್ಲ, ಸಿಗದಿದ್ದರೆ ನಿಂತುಬಿಡುತ್ತದೆ.

ಡಬ್ಬದ ಮೇಲೆ 300 ಅಂತ ಬರೆದಿರುವ ವೈ-ಫೈಗೆ 25 ಯಾವ ಲೆಕ್ಕ? ಅಲ್ಲೇ ಇರುವುದು ಮರ್ಮ. ವೈ-ಫೈನಲ್ಲಿ ಒಂದು ಚಾನೆಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ಕಂಪ್ಯೂಟರ್ರೂ ವೈ-ಫೈ, ಟೀವಿಯೂ ವೈ-ಫೈ ಆದರೆ ಅದೇ ವಿಡಿಯೋ ಗಾಳಿಯಲ್ಲಿ ಎರಡು ಸಲ ಓಡಾಡುತ್ತದೆ: ಕಂಪ್ಯೂಟರಿನಿಂದ ರೌಟರಿಗೆ, ರೌಟರಿನಿಂದ ಟೀವಿಗೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಕದ ಚಾನೆಲ್‌ಗಳು ಮೂರೇ (1, 6, 11), ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರೆಲ್ಲ ಅದರಲ್ಲೇ ಇರುತ್ತಾರೆ. ಮೈಕ್ರೋವೇವ್ ಒಲೆಯೂ ಅದೇ ತರಂಗಗಳಲ್ಲಿ ಗಲಾಟೆ ಎಬ್ಬಿಸುತ್ತದೆ. 5 ಗಿಗಾಹರ್ಟ್ಸ್ ವೇಗ ಹೌದು, ಆದರೆ ಕಾಂಕ್ರೀಟ್ ಗೋಡೆ, ಕಬ್ಬಿಣದ ಬೀರು ಅಡ್ಡ ಬಂದರೆ ಬೇಗ ಸೋಲುತ್ತದೆ.

ಮೊದಲು ಕಂಪ್ಯೂಟರಿನಿಂದ ರೌಟರಿಗೆ ವೈರು ಎಳೆಯಿರಿ. ಗಾಳಿಯ ಮೇಲಿನ ಹೊರೆ ಅಲ್ಲೇ ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಸಾಧ್ಯವಾದರೆ ಟೀವಿಗೂ ಎಳೆಯಿರಿ. ಕ್ಯಾಟ್-5ಇ ವೈರು 100 ಮೀಟರ್ ದೂರದವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತದೆ. ಎಷ್ಟೋ ಟೀವಿಗಳ ಪೋರ್ಟು 100 ಮೆಗಾಬಿಟ್ಟಿನದು, ಆದರೂ ನಮ್ಮ 25ಕ್ಕೆ ಧಾರಾಳ. ವೈರು ಆಗುವುದೇ ಇಲ್ಲ ಅಂದರೆ ರೌಟರನ್ನು ಟೀವಿಯ ಹಿಂದಿನಿಂದ, ಕಪಾಟಿನೊಳಗಿನಿಂದ ಹೊರಗೆ ತೆಗೆದು 5 ಗಿಗಾಹರ್ಟ್ಸ್‌ಗೆ ಹಾಕಿ. ಅಗ್ಗದ ರಿಪೀಟರ್ ಮಾತ್ರ ಬೇಡ. ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ರೇಡಿಯೋ ಇದ್ದರೆ ವೇಗ ಅರ್ಧಕ್ಕಿಳಿಯುತ್ತದೆ. ವೈರು ಹಾಕಿದ ಮೇಲೂ ತಡವರಿಸಿದರೆ ಕಂಪ್ಯೂಟರ್ ಎಷ್ಟು ಏದುಸಿರು ಬಿಡುತ್ತಿದೆ ನೋಡಿ. ಟೀವಿಗೆ ಅರ್ಥವಾಗದ ಫಾರ್ಮ್ಯಾಟ್ ಇದ್ದರೆ ಅದು ನಿಂತ ನಿಲುವಿನಲ್ಲೇ ವಿಡಿಯೋವನ್ನು ಬೇರೆ ರೂಪಕ್ಕೆ ಬದಲಿಸುತ್ತಿರುತ್ತದೆ. ಆ ರೋಗ ಬೇರೆ.

ನಮ್ಮಲ್ಲಿ ಎರಡೂ ಕಡೆ ವೈರು ಬಿತ್ತು, ಅಪ್ಪನ ಆಟ ಈಗ ಮಂಗಳದವರೆಗೆ ನಿಲ್ಲದೆ ಸಾಗುತ್ತದೆ. ವೈರು ಚಂದ ಕಾಣುವುದಿಲ್ಲ ಎನ್ನುವುದು ಅಮ್ಮನ ತಕರಾರು. ನಿಜವೇ. ಅದಕ್ಕೇ ನನ್ನ ಸಿಟ್ಟು ಇರುವುದು ಮನೆ ಕಟ್ಟುವವರ ಮೇಲೆ. ಗೀಜರಿಗೆ ಪಾಯಿಂಟ್, ಏಸಿಗೆ ಪಾಯಿಂಟ್, ಡಿಶ್ ಆಂಟೆನಾಕ್ಕೂ ಪೈಪು. ನೆಟ್‌ವರ್ಕಿಗೆ? ಏನೂ ಇಲ್ಲ. ಗಾರೆ ಮಾಡುವ ಮೊದಲು ಹಾಲ್‌ಗೂ ರೂಮುಗಳಿಗೂ ಒಂದೊಂದು ಖಾಲಿ ಪೈಪು ಹಾಕಿಸಿದರೆ ಹೆಚ್ಚಿನ ಖರ್ಚೇನೂ ಇಲ್ಲ. ಆಮೇಲಾದರೆ ಗೋಡೆ ಒಡೆಯಬೇಕು. ಈಗಿನ ಮೆಶ್ ವೈ-ಫೈ ಇದೆಯಲ್ಲ ಅನ್ನುವವರಿಗೆ ಒಂದು ಮಾತು: ಆ ಡಬ್ಬಗಳ ನಡುವೆಯೂ ವೈರು ಇದ್ದರೇ ಅವು ಚೆನ್ನಾಗಿ ಕೆಲಸ ಮಾಡುವುದು.

ನಿಮ್ಮಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ನಾಳೆಯೇ ಎಲೆಕ್ಟ್ರೀಷಿಯನ್ ಹತ್ತಿರ ಈ ಮಾತೆತ್ತಿ. ಬಾಡಿಗೆ ಮನೆಯವರು ಗೋಡೆಯಂಚಿಗೆ ಕ್ಲಿಪ್ ಹೊಡೆದು ವೈರು ಎಳೆದುಕೊಳ್ಳಿ, ಮನೆ ಬಿಡುವಾಗ ಸುತ್ತಿಕೊಂಡು ಹೋದರಾಯಿತು. ಅಂದಹಾಗೆ, ನಿಮ್ಮ ಮನೆಯ ರೌಟರ್ ಎಲ್ಲಿ ಕೂತಿದೆ?